ನಾಲ್ಕು ಗೀರಿನ ಸೂಜಿ

ನಮ್ಮ ಕಣ್ಣಿನ ದವಾಖಾನೆಯಲ್ಲಿ ಬಣ್ಣದ ಪರೀಕ್ಷೆಗೆಂದು ನಾಲ್ಕು ಸೂಜಿಗಳಿದ್ದವು. ಗುರುತಿಗಾಗಿ ಅವುಗಳ ಹಿತ್ತಾಳೆ ಬುಡದ ಮೇಲೆ ನಾನೇ ಅರದಿಂದ ಗೀರು ಹಾಕಿದ್ದೆ. ಮೊದಲನೆಯದಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು, ಹೀಗೆ. ನಾಲ್ಕು ಗೀರಿನದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಚೂಪು. ಮಾರ್ಚ್ ತಿಂಗಳ ಮೂರನೇ ಗುರುವಾರ ಅದನ್ನು ನನ್ನ ತಂದೆಯ ಬಲತೋಳಿಗೆ ಚುಚ್ಚಿದೆ. ಅದೇ ಬೆಳಿಗ್ಗೆ ಅವರಿಗಿಂತ ಮುಂಚೆ ಆ ಸೂಜಿ ಇಬ್ಬರ ರಕ್ತನಾಳದೊಳಗೆ ಹೋಗಿ ಬಂದಿತ್ತು. ಅವರ ನಂತರ ಇನ್ನೊಬ್ಬರೊಳಗೆ ಹೋಯಿತು. ಮುಂಚಿನ ಇಬ್ಬರಿಗೂ ಕಾಮಾಲೆಯಾಯಿತು. ಅಪ್ಪನಿಗೂ ಆಗುತ್ತದೆಯೇ ಎಂದು ನಾನು ಆರು ತಿಂಗಳು ತುಂಬುವ ತನಕ ದಿನ ಎಣಿಸಿದೆ. ಎಣಿಸಿದ ವಹಿ ನನ್ನ ಹತ್ತಿರ ಇದೆ. ಇಲ್ಲಿ ಬರುವ ದಿನಗಳೆಲ್ಲ ಅದರೊಳಗಿನವು.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಮೂರು. ಮಾನ್ವಿಯಲ್ಲಿ ಪಿಯುಸಿ ಮುಗಿಸಿ, ರಾಯಚೂರಿನ ಅತ್ತೆಯ ಮನೆಯಲ್ಲಿದ್ದುಕೊಂಡು, ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಆ ಖಾಸಗಿ ದವಾಖಾನೆಗೆ ಸೇರಿದ್ದೆ. ಚೀಟಿ ಬರೆಯುವುದರಿಂದ ಶುರುವಾಗಿ, ಡಾಕ್ಟರರ ಕೈಕೆಳಗೆ ಎರಡು ವರ್ಷದಲ್ಲಿ ಸೂಜಿ ಹಾಕುವುದು, ಫಿಲ್ಮು ತೊಳೆಯುವುದು ಎಲ್ಲ ಕಲಿತೆ. ಕಣ್ಣಿನ ಒಳಗೋಡೆಯ ಚಿತ್ರ ತೆಗೆಯುವ ಕ್ಯಾಮೆರಾ ಹೈದರಾಬಾದಿನಲ್ಲಿ ಹಳೆಯದಾದ ಮೇಲೆ ನಮ್ಮಲ್ಲಿಗೆ ಬಂದದ್ದು. ಲಾರಿಯಲ್ಲಿ ಗಾದಿಗಳ ನಡುವೆ ಮಲಗಿಸಿ ತಂದಿದ್ದರು.

ಪರೀಕ್ಷೆ ಹೀಗಿತ್ತು. ಸಕ್ಕರೆ ಕಾಯಿಲೆಯವರ ಕಣ್ಣಿನೊಳಗೆ ಸಣ್ಣ ರಕ್ತನಾಳಗಳು ಸೋರುತ್ತವೆ. ಎಲ್ಲಿ ಸೋರುತ್ತಿದೆ ಎಂದು ತಿಳಿದರೆ ಹೈದರಾಬಾದಿನಲ್ಲಿ ಬೆಳಕಿನ ಕಿರಣದಿಂದ ಸುಟ್ಟು ಮುಚ್ಚುತ್ತಾರೆ. ತಿಳಿಯುವುದಕ್ಕೆ ತೋಳಿನ ನಾಳಕ್ಕೆ ಕಿತ್ತಳೆ ಬಣ್ಣದ ಔಷಧ ಏರಿಸಬೇಕು. ಹತ್ತು ಹನ್ನೆರಡು ಎಣಿಸುವಷ್ಟರಲ್ಲಿ ಅದು ಎದೆ ದಾಟಿ ಕಣ್ಣಿಗೆ ಬರುತ್ತದೆ. ಆಗ ಕತ್ತಲ ಕೋಣೆಯಲ್ಲಿ ನೀಲಿ ಮಿಂಚು ಹೊಡೆದಂತೆ ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ತೆಗೆಯುತ್ತದೆ. ನೀಲಿ ಬೆಳಕು ಬಿದ್ದಲ್ಲಿ ಔಷಧ ಹಸಿರಾಗಿ ಹೊಳೆಯುತ್ತದೆ. ಫಿಲ್ಮಿನ ಮೇಲೆ ರಕ್ತನಾಳಗಳು ಎಲೆ ಉದುರಿದ ಜಾಲಿ ಗಿಡದಂತೆ ಮೂಡುತ್ತವೆ.

ಒಂದು ತಾಸಿನೊಳಗೆ ಪರೀಕ್ಷೆಯಾದವರ ಮೈ ಹಳದಿಯಾಗುತ್ತದೆ. ಮುಖ, ಕಣ್ಣಿನ ಬಿಳಿ, ಅಂಗೈ, ಎಲ್ಲ. ಮೂತ್ರ ಹಚ್ಚಹಳದಿ. ಒಂದೂವರೆ ದಿನದಲ್ಲಿ ಇಳಿಯುತ್ತದೆ. ಆದ್ದರಿಂದ ಪ್ರತಿಯೊಬ್ಬರನ್ನೂ ಕಳಿಸುವಾಗ ನಾನು ಒಂದೇ ಮಾತು ಹೇಳುತ್ತಿದ್ದೆ: "ಹಳದಿ ಆಗತದ, ಅಂಜಬ್ಯಾಡ್ರಿ, ತಾನ ಹೋಗತದ." ಗುರುವಾರ ಮಧ್ಯಾಹ್ನದ ಬಸ್ಸುಗಳಲ್ಲಿ ದೇವದುರ್ಗದ ಕಡೆಗೆ, ಮಾನ್ವಿಯ ಕಡೆಗೆ, ಅರಿಷಿಣ ಬಳಿದಂಥ ಮುಖಗಳು ಕಿಟಕಿಯ ಪಕ್ಕದಲ್ಲಿ ಕೂತು ಹೋಗುತ್ತಿದ್ದವು. ಉಳಿದ ಪ್ರಯಾಣಿಕರು ಸರಿದು ಕೂಡುತ್ತಿದ್ದರಂತೆ.

ಸೂಜಿಯ ವಿಷಯ ಬಿಡಿಸಿ ಹೇಳಬೇಕು. ಒಮ್ಮೆ ಬಳಸಿ ಎಸೆಯುವ ಸೂಜಿ ಆಗ ನಮ್ಮ ಕೈಗೆ ಬಂದದ್ದು ಕಡಿಮೆ. ಬಂದವನ್ನೂ ಕುದಿಸಿ ಇಟ್ಟುಕೊಳ್ಳುತ್ತಿದ್ದೆವು. ಬಣ್ಣಕ್ಕೆ ಸಣ್ಣ ಸೂಜಿಯೇ ಬೇಕು. ನಾಳದ ಹೊರಗೆ ಒಂದು ಹನಿ ಜಾರಿದರೂ ತೋಳು ಬೆಂಕಿಯಂತೆ ಉರಿಯುತ್ತದೆ. ಅಂಥವು ನಾಲ್ಕೇ ಇದ್ದವು. ಬುಧವಾರ ಸಂಜೆ ಅವನ್ನು ಎಣ್ಣೆಗಲ್ಲಿನ ಮೇಲೆ ಮಸೆದು, ತುದಿಯನ್ನು ಹತ್ತಿಯಲ್ಲಿ ಎಳೆದು ನೋಡುತ್ತಿದ್ದೆ. ಎಳೆ ಸಿಕ್ಕಿದರೆ ಮತ್ತೆ ಮಸೆಯುವುದು. ಗುರುವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸುವುದು. ಅಲ್ಲಿಯವರೆಗೆ ತಪ್ಪಿಲ್ಲ.

ತಪ್ಪು ಆಮೇಲಿನದು. ಬೇಸಿಗೆಯಲ್ಲಿ ಕರೆಂಟು ಬೆಳಿಗ್ಗೆ ಎರಡು ತಾಸು ಮಾತ್ರ ನೆಚ್ಚುವಂತಿತ್ತು. ಕ್ಯಾಮೆರಾಕ್ಕೆ ಕರೆಂಟು ಬೇಕು. ಅಷ್ಟರಲ್ಲಿ ಏಳೆಂಟು ಜನರನ್ನು ಮುಗಿಸಬೇಕು. ಗಾಜಿನ ಸಿರಿಂಜು ತಲೆಗೊಂದಿದ್ದವು, ಸೂಜಿ ನಾಲ್ಕು. ಒಬ್ಬರಿಂದ ತೆಗೆದ ಸೂಜಿಯನ್ನು ಮತ್ತೆ ಕುದಿಸುತ್ತ ಕೂತರೆ ಕರೆಂಟು ಹೋಗುತ್ತದೆ. ಸ್ಪಿರಿಟ್ಟಿನ ಬಟ್ಟಲಿನಲ್ಲಿ ಅದ್ದಿ, ಒಳಗೆ ಒಮ್ಮೆ ಸ್ಪಿರಿಟ್ಟು ಹಾಯಿಸಿ, ಒರೆಸಿ, ಮುಂದಿನವರಿಗೆ. ಎಲ್ಲ ಕಡೆ ಹಾಗೆಯೇ ನಡೆಯುತ್ತಿತ್ತು. ಇನ್ನೊಂದಿತ್ತು. ಬಣ್ಣ ಏರಿಸಿದ ಮೇಲೆ ಕೆಲವರಿಗೆ ವಾಂತಿ, ಅಪರೂಪಕ್ಕೆ ತಲೆಸುತ್ತಿ ನಾಡಿ ಕುಸಿಯುವುದು ಇತ್ತು. ಹಾಗಾದರೆ ತಕ್ಷಣ ಬೇರೆ ಔಷಧ ಏರಿಸಲು ದಾರಿ ಇರಲೆಂದು, ಕೊನೆಯ ಚಿತ್ರ ತೆಗೆಯುವ ತನಕ ಸೂಜಿಯನ್ನು ನಾಳದಲ್ಲೇ ಬಿಡಬೇಕೆಂದು ಡಾಕ್ಟರರು ಕಲಿಸಿದ್ದರು. ಆ ಹತ್ತು ನಿಮಿಷ ನಾನು ತೋಳು ಹಿಡಿದು ಕತ್ತಲಲ್ಲಿ ನಿಲ್ಲುತ್ತಿದ್ದೆ. ಅಷ್ಟರಲ್ಲಿ ರಕ್ತ ಸೂಜಿಯೊಳಗೆ ಹಿಂದಕ್ಕೆ ಬಂದು ಬುಡದವರೆಗೆ ಏರುತ್ತಿತ್ತು. ಅದನ್ನು ಪ್ರತಿ ಸಲ ನೋಡಿದ್ದೇನೆ.

ವಹಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು: ದಿನ, ಊರು, ಎಡವೋ ಬಲವೋ, ಎಷ್ಟನೇ ಸೂಜಿ, ವಾಂತಿ ಆಯಿತೋ ಇಲ್ಲವೋ, ಹಳದಿ ಇಳಿದ ದಿನ. ಹದಿನೈದು ದಿನಕ್ಕೆ ಫಿಲ್ಮು ನೋಡಲು ಬಂದಾಗ ಕೇಳಿ ಸಾಲಿನ ಕೊನೆಯ ಮನೆ ತುಂಬುತ್ತಿದ್ದೆ. ಯಾರೂ ಬರೆಯಲು ಹೇಳಿರಲಿಲ್ಲ. ನನಗೆ ಬರೆಯದಿದ್ದರೆ ಆಗುತ್ತಿರಲಿಲ್ಲ.

ಆ ಗುರುವಾರ ಏಳು ಜನ. ನಾಲ್ಕನೇ ಸೂಜಿಯನ್ನು ನಾಳ ಸಣ್ಣಗಿದ್ದವರಿಗೆ, ಅಂಜುವವರಿಗೆ ಎತ್ತಿಡುತ್ತಿದ್ದೆ. ಮೊದಲು ಅದನ್ನು ಹಾಕಿದ್ದು ರಾಯಚೂರಿನವರೇ ಆದ, ರೈಲಿನ ಕೆಲಸದಿಂದ ನಿವೃತ್ತರಾದ ಒಬ್ಬ ಮುದುಕರಿಗೆ. ಎರಡನೆಯದು ಯಾಪಲದಿನ್ನಿಯ ಒಬ್ಬ ಅಜ್ಜಿಗೆ. ಮೂರನೆಯವರು ಅಪ್ಪ. ನಾಲ್ಕನೆಯವರು ದೇವದುರ್ಗದ ಗಡಿಯಾರ ರಿಪೇರಿಯವರು, ಮೂವತ್ತೈದರ ಆಸುಪಾಸಿನ ಮುಸಲ್ಮಾನರು; ಕಣ್ಣೇ ಅವರ ಅನ್ನ.

ಅಪ್ಪ ಮಾನ್ವಿಯ ಗುಡಿಯಲ್ಲಿ ಪೂಜೆಗಿದ್ದರು. ಸಕ್ಕರೆ ಕಾಯಿಲೆ ಹನ್ನೊಂದು ವರ್ಷದ್ದು. ದೇವರ ಹಣೆಗೆ ತಿಲಕ ತಿದ್ದುವಾಗ ಗೆರೆ ಎರಡಾಗಿ ಕಾಣುತ್ತಿದೆ ಎಂದಾಗಲೇ ನಾನು ಹಟ ಹಿಡಿದು ಕರೆಸಿದ್ದು. ಕಣ್ಣಿಗೆ ಹನಿ ಹಾಕಿಸಿಕೊಂಡು, ಕ್ಯಾಮೆರಾದ ಮುಂದೆ ಗದ್ದ ಇಟ್ಟು ಕೂತರು.

"ನೋವಾಗತದೇನವಾ?"

"ಒಂದು ಇರಿವಿ ಕಡದಂಗ, ಅಷ್ಟ."

"ಇರಿವಿ ಕಡದ್ರ ನೋವಾಗೂದಿಲ್ಲಂತ ನಿನಗ ಯಾರು ಹೇಳ್ಯಾರ?"

ಬಾಗಿಲ ಪರದೆಯ ಹೊರಗೆ ಸರದಿಗೆ ಕಾಯುತ್ತಿದ್ದ ಗಡಿಯಾರದವರು ಅಲ್ಲಿಂದಲೇ ಕೂಗಿದರು. "ಯಜಮಾನರ, ಅಂಜಬ್ಯಾಡ್ರಿ. ಮಗಳ ಕೈ ಹಗುರ ಅದ ಅಂತಾರ ಎಲ್ಲಾರೂ. ಅಂಜೂದೆಲ್ಲಾ ನಿಮ್ಮ ಹಿಂದ ನಾ ಅಂಜಾಕತ್ತೀನಿ, ನೀವು ಆರಾಮ ಕುಂಡ್ರಿ."

ಸೂಜಿ ಒಂದೇ ಸಲಕ್ಕೆ ಹೋಯಿತು. ಬಣ್ಣ ಏರಿಸಿದೆ. ಎಣಿಸಿದೆ. ಹದಿಮೂರಕ್ಕೆ ಮೊದಲ ಮಿಂಚು. ಪ್ರತಿ ಮಿಂಚಿಗೂ ಅಪ್ಪನ ಮುಖ ನೀಲಿಯಾಗಿ ಕಂಡು ಮರೆಯಾಗುತ್ತಿತ್ತು. ಒಮ್ಮೆ ಕಂಡಂತೆ ಇನ್ನೊಮ್ಮೆ ಇರಲಿಲ್ಲ. ಮುಗಿದಾಗ ಅವರು, "ನೀ ಕೆಂಪಾಗಿ ಕಾಣಲಿಕತ್ತಿ, ಗ್ವಾಡಿನೂ ಕೆಂಪು," ಎಂದರು. ಎಲ್ಲರಿಗೂ ಹಾಗೆ ಕಾಣುತ್ತದೆ. ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮುಂದಿನವರನ್ನು ಕರೆದೆ.

ಹದಿನೈದನೆಯ ದಿನ ರೈಲಿನ ಮುದುಕರ ಸೊಸೆ ಒಬ್ಬಳೇ ಫಿಲ್ಮು ಕೇಳಲು ಬಂದಳು. ಮಾವನಿಗೆ ಕಾಮಾಲೆಯಾಗಿದೆ, ಹಾಸಿಗೆ ಹಿಡಿದಿದ್ದಾರೆ ಎಂದಳು. ಬೇಸಿಗೆಯ ನೀರು ಎಂದುಕೊಂಡೆ. ಕೊನೆಯ ಮನೆಯಲ್ಲಿ ಒಂದು ಚುಕ್ಕೆ ಇಟ್ಟೆ, ಅಷ್ಟೆ. ಅಪ್ಪನ ಫಿಲ್ಮಿನಲ್ಲಿ ಎಡಗಣ್ಣಿನ ನಡುವೆ ಮಸಿ ಹೀರುವ ಕಾಗದದ ಮೇಲೆ ಶಾಯಿ ಬಿದ್ದಂತೆ ಒಂದು ಕಲೆ ಇತ್ತು. ಹೈದರಾಬಾದಿಗೆ ಬರೆದು ದಿನ ಕೇಳಿದೆವು. ಅಕ್ಟೋಬರಿಗೆ ಸಿಕ್ಕಿತು.

ಐವತ್ತೆರಡನೆಯ ದಿನ, ಮೇ ತಿಂಗಳು, ಮಧ್ಯಾಹ್ನ. ಫಿಲ್ಮು ತೊಳೆಯುವ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ಹಾಕಿದ್ದೆ, ಕರೆಂಟು ಹೋಯಿತು. ಕಿಟಕಿಗೆ ಕಪ್ಪು ರಟ್ಟು ಬಡಿದ ಕೋಣೆ ಅದು. ನಡುಹಗಲಿನಲ್ಲೂ ಕಣ್ಣೆದುರು ಕೈ ಕಾಣದು. ತಡವಿದಾಗ ಸಿಕ್ಕಿದ್ದು ಡಾಕ್ಟರರ ನೀಲಿ ಗಾಜಿನ ಬ್ಯಾಟರಿ. ಕಣ್ಣುಗುಡ್ಡೆಯ ಮೇಲಿನ ಗೀರು ನೋಡಲು ಬಳಸುವುದು. ಅದನ್ನೇ ಹೊತ್ತಿಸಿದೆ.

ಮೊದಲು ಕಂಡದ್ದು ನನ್ನ ಉಗುರುಗಳು. ಹತ್ತೂ ಬೆರಳ ತುದಿಯಲ್ಲಿ ಹಸಿರು ಅಂಚು ಹೊಳೆಯುತ್ತಿತ್ತು. ಬ್ಯಾಟರಿ ತಿರುಗಿಸಿದೆ. ಚಿಲಕದ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಗೆರೆಗಳ ಸಮೇತ. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ, ನಾನು ಕತ್ತಲಲ್ಲಿ ತಡವಿಕೊಂಡು ನಡೆಯುವ ದಾರಿಯುದ್ದಕ್ಕೂ, ಅಂಗೈಗಳು. ನೀರಿನ ಗಡಿಗೆಯ ಮುಚ್ಚಳ, ಲೋಟದ ಅಂಚು, ನನ್ನ ವಹಿಯ ಬೆನ್ನು. ಹಗಲಿನ ಬೆಳಕಿನಲ್ಲಿ ಇವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಯಾರೋ ನನಗೆ ಗೊತ್ತಿಲ್ಲದೆ ಕೋಣೆಯ ತುಂಬ ಓಡಾಡಿ ಹೋಗಿದ್ದಾರೆ ಅನ್ನಿಸಿತು. ಆ ಕೈಗಳೆಲ್ಲ ನನ್ನವೇ.

ಆಮೇಲೆ ತಟ್ಟೆ ನೋಡಿದೆ. ಪರೀಕ್ಷೆ ಇಲ್ಲದ ದಿನಗಳಿಗೆ ಎತ್ತಿಡಲೆಂದು ಅಂದು ಬೆಳಿಗ್ಗೆ ತಾನೇ ಇಪ್ಪತ್ತು ನಿಮಿಷ ಕುದಿಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಸೂಜಿಗಳು. ನಾಲ್ಕರ ಬುಡದಲ್ಲೂ ಹಸಿರು ಬೊಟ್ಟು. ನಾಲ್ಕನೆಯದನ್ನು ಸಿರಿಂಜಿಗೆ ಸಿಕ್ಕಿಸಿ, ಶುದ್ಧ ನೀರು ತುಂಬಿ, ಬಿಳಿ ಬಸಿಯೊಳಕ್ಕೆ ಮೆಲ್ಲಗೆ ಒತ್ತಿದೆ. ನೀರಿನ ಜೊತೆ ಸಣ್ಣ ಹಸಿರು ದಾರ ಇಳಿಯಿತು. ಬಸಿಯ ತಳದಲ್ಲಿ ಸುರುಳಿ ಸುತ್ತಿಕೊಂಡಿತು.

ಬಣ್ಣ ಕುದಿತಕ್ಕೆ ಸಾಯುವುದಿಲ್ಲ, ಸರಿ. ಆದರೆ ಇಪ್ಪತ್ತು ನಿಮಿಷ ಕುದಿಸಿದ ಮೇಲೂ ಅದು ಒಳಗೆ ಉಳಿದಿದೆ ಎಂದರೆ, ಒಮ್ಮೆ ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆದಾಗ ಒಬ್ಬರ ರಕ್ತ ಇನ್ನೊಬ್ಬರಿಗೆ ಎಷ್ಟು ಹೋಗಿರಬೇಕು? ಅಂದು ವಹಿಯಲ್ಲಿ ಬರೆದದ್ದು ಇಷ್ಟೇ: "ಸೂಜಿಯ ಒಳಗೆ ಬಣ್ಣ ಉಳಿದಿದೆ." ಡಾಕ್ಟರರು ಮಗಳ ಮದುವೆಗೆಂದು ಊರಿಗೆ ಹೋಗಿದ್ದರು, ಇಪ್ಪತ್ತೈದು ದಿನ ಬಣ್ಣದ ಪರೀಕ್ಷೆ ಇರಲಿಲ್ಲ. ಹೇಳಿದರಾಯಿತು ಎಂದು ಬಿಟ್ಟೆ.

ಆ ಬಿಡುವಿನಲ್ಲಿ ವಹಿ ತಿರುವುವಾಗ ಯಾಪಲದಿನ್ನಿಯ ಅಜ್ಜಿಯ ಕೊನೆಯ ಮನೆ ಖಾಲಿ ಕಂಡಿತು. ಫಿಲ್ಮು ನೋಡಲು ಅವರು ಬಂದೇ ಇರಲಿಲ್ಲ. ಖಾಲಿ ಮನೆ ನನಗೆ ಕಣ್ಣಿನಲ್ಲಿ ಕಸ ಬಿದ್ದ ಹಾಗೆ. ಎಪ್ಪತ್ತೈದನೆಯ ದಿನ ಬಸ್ಸು ಹತ್ತಿ ಯಾಪಲದಿನ್ನಿಗೆ ಹೋದೆ. ಕೇಳುತ್ತ ಮನೆ ಹಿಡಿದೆ. ಹೊರಗೆ ಬಿಸಿಲು ಸುಣ್ಣದಂತಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ಅಜ್ಜಿಯ ಮಗ ಬಾಗಿಲಲ್ಲೇ ನಕ್ಕು ಬರಮಾಡಿಕೊಂಡ.

"ಬರ್ರಿ ಬರ್ರಿ. ನೀವ ಬಂದದ್ದು ಚಲೋ ಆತು. ಹ್ವಾದ ಬಣ್ಣ ತಿರುಗಿ ಬಂದದ ನೋಡ್ರಿ ನಮ್ಮವ್ವಗ."

"ತಿರುಗಿ ಅಂದ್ರ?"

"ಅವತ್ತಿಂದು ಅವತ್ತಿನ ಮರುದಿನ ಇಳೀತು. ಎರಡು ತಿಂಗಳ ಮ್ಯಾಲ ಈಗ ನಾಕು ದಿನದಿಂದ ಮತ್ತ ಏರ್ಯದ. ಆಗಿನಕಿಂತ ಜೋರು. ಒಳಗ ಎಲ್ಲಿ ಉಳದಿತ್ತೋ ಏನೋ."

ಮೂಲೆಯ ಹೊರಸಿನ ಮೇಲಿಂದ ಅಜ್ಜಿ ಕೈಯಾಡಿಸಿದಳು. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಮುಖ ಕಂಡಿತು. ಕಣ್ಣಿನ ಬಿಳಿ ಎಂಬುದೇ ಇರಲಿಲ್ಲ. ಆಕೆ ನಗುತ್ತಿದ್ದಳು.

"ಮಂದಿ ಎಲ್ಲಾ ಬ್ಯಾನಿ ಅಂದ್ರು ಯವ್ವಾ. ನಾ ಅಂಜಿಲ್ಲ. ನೀ ಹೇಳಿದ್ಯಲ್ಲ, ಹಳದಿ ಆಗತದ, ಅಂಜಬ್ಯಾಡ, ತಾನ ಹೋಗತದ ಅಂತ. ನಾ ಅದನ್ನ ಹಿಡಕೊಂಡು ಮಲಗೀನಿ."

ನಾಲ್ಕು ದಿನದಿಂದ ಅನ್ನ ಸೇರಿರಲಿಲ್ಲ. ಯಾವ ವೈದ್ಯರಿಗೂ ತೋರಿಸಿರಲಿಲ್ಲ. ತೋರಿಸುವುದೇಕೆ, ದವಾಖಾನೆಯವರೇ ಹೇಳಿದ್ದಾರಲ್ಲ. ಮಗನಿಗೆ ಇದು ಬಣ್ಣವಲ್ಲ, ಕಾಮಾಲೆ, ಇವತ್ತೇ ದೊಡ್ಡ ದವಾಖಾನೆಗೆ ಕರೆದುಕೊಂಡು ಬಾ ಎಂದೆ. ಅವನು ನನ್ನನ್ನು ನಂಬಲಿಲ್ಲ. ನಾನೇ ಮೊದಲು ಹೇಳಿದ ಮಾತಿಗೆ ವಿರುದ್ಧ ನಾನೇ ಅರ್ಧ ತಾಸು ವಾದ ಮಾಡಬೇಕಾಯಿತು. ಕೊನೆಗೆ ಸಂಜೆಯ ಬಸ್ಸಿಗೆ ಕರೆತಂದ. ಅಜ್ಜಿ ಎರಡು ತಿಂಗಳು ಮಲಗಿ ಎದ್ದಳು. ಅದು ಆಮೇಲಿನ ಮಾತು.

ಮರಳುವ ಬಸ್ಸಿನಲ್ಲಿ ವಹಿ ತೆಗೆದೆ. ರೈಲಿನ ಮುದುಕರು, ನಾಲ್ಕನೇ ಸೂಜಿ, ಹದಿನೈದನೇ ದಿನದೊಳಗೆ ಕಾಮಾಲೆ; ಬೇನೆ ಅವರೊಳಗೆ ಮೊದಲೇ ಇದ್ದಿರಬೇಕು. ಅಜ್ಜಿ, ನಾಲ್ಕನೇ ಸೂಜಿ, ಎಪ್ಪತ್ತೊಂದನೇ ದಿನ. ಅದರ ಕೆಳಗಿನ ಸಾಲಿನಲ್ಲಿ ಊರು ಮಾನ್ವಿ ಎಂದು ನನ್ನದೇ ಅಕ್ಷರ. ಸೂಜಿಯ ಮನೆಯಲ್ಲಿ ನಾಲ್ಕು. ಅದರ ಪಕ್ಕ, ಬೇರೆ ಯಾರಿಗೂ ಬರೆಯದ ಒಂದು ಟಿಪ್ಪಣಿ: "ಒಳ್ಳೆಯದನ್ನು ಇಟ್ಟಿದ್ದೆ."

ಡಾಕ್ಟರರು ಮರಳಿದ ದಿನವೇ ಹೇಳಿದೆ. ಒಳ್ಳೆಯ ಮನುಷ್ಯರು, ಆದರೆ ಮೊದಲು ನಕ್ಕರು.

"ಬ್ಯಾಸಿಗ್ಯಾಗ ಈ ಊರಾಗ ಕಾಮಾಲಿ ಯಾರಿಗಿಲ್ಲ ಹೇಳು. ನೀರಿಂದು ಅದು."

ನಾನು ಕಿಟಕಿ ಮುಚ್ಚಿ, ಬಸಿ ಇಟ್ಟು, ನೀಲಿ ಬ್ಯಾಟರಿ ಅವರ ಕೈಗೆ ಕೊಟ್ಟು, ಸೂಜಿಯಿಂದ ನೀರು ಬಿಟ್ಟೆ. ಹಸಿರು ದಾರ ಇಳಿಯಿತು. ಅವರು ಬಹಳ ಹೊತ್ತು ಬಾಗಿಕೊಂಡೇ ಇದ್ದರು. ಬ್ಯಾಟರಿಯ ಬೆಳಕು ಅವರ ಅಂಗಿಯ ತೋಳಿನ ಮೇಲೆ ಬಿದ್ದಾಗ ಅಲ್ಲೂ ಎರಡು ಹಸಿರು ಚುಕ್ಕೆ. ಒರೆಸಿಕೊಂಡರು, ಹೋಗಲಿಲ್ಲ.

"ಅವತ್ತ ಈ ಸೂಜಿ ಮತ್ತ ಯಾರ್ಯಾರಿಗೆ ಹಾಕೀದಿ?"

"ನಮ್ಮಪ್ಪಗ. ಆಮ್ಯಾಲ ದೇವದುರ್ಗದ ಗಡಿಯಾರದವರಿಗೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸೂಜಿಯಿಂದ ಬರುವ ಕಾಮಾಲೆ ಆರು ತಿಂಗಳ ತನಕ ಯಾವಾಗ ಬೇಕಾದರೂ ತಲೆಯೆತ್ತಬಹುದು, ಕಣ್ಣಿನ ಬಿಳಿ ನೋಡುತ್ತಿರು ಎಂದರು. ಅಂದಿನಿಂದ ಒಬ್ಬರಿಗೆ ಹಾಕಿದ ಸೂಜಿ ಅದೇ ದಿನ ಇನ್ನೊಬ್ಬರಿಗೆ ಹೋಗಲಿಲ್ಲ. ಗುರುವಾರಕ್ಕೆ ನಾಲ್ಕೇ ಜನ. ಒಳಗೆ ಸಣ್ಣ ತಂತಿ ಹಾಯಿಸಿ ತಿಕ್ಕಿ, ನೀಲಿ ಬೆಳಕಿನಲ್ಲಿ ನೋಡಿ, ಹೊಳೆಯದಿದ್ದರೆ ಮಾತ್ರ ಕುದಿಸಲು ಇಡುವುದು. ಉಳಿದವರು ಬಾಗಿಲಲ್ಲಿ ಬೈದು ಹೋಗುತ್ತಿದ್ದರು.

ನಾನು ಪ್ರತಿ ಭಾನುವಾರ ಮಾನ್ವಿಗೆ ಹೋಗತೊಡಗಿದೆ. ಅಂಗಳದ ಬಿಸಿಲಿನಲ್ಲಿ ಅಪ್ಪನನ್ನು ಕೂಡಿಸಿ ಕೆಳರೆಪ್ಪೆ ಎಳೆದು ನೋಡುವುದು, ಅಂಗೈ ನೋಡುವುದು, ಮೂತ್ರದ ಬಣ್ಣ ಕೇಳುವುದು. ಸಕ್ಕರೆಯ ಸಲುವಾಗಿ ಎಂದು ಹೇಳಿದ್ದೆ. ಅಮ್ಮನಿಗೆ ಸಿಟ್ಟು. "ಮಗಳು ಬಂದ್ಲಂತ ಹೋಳಿಗಿ ಮಾಡಿದ್ರ, ಇಕಿ ಬಂದಾಕಿ ಅಪ್ಪನ ಕಣ್ಣಾಗ ಇಣಕಿ ನೋಡಿ ಬಸ್ಸಿಗೆ ಹೋಗ್ತಾಳ. ಏನು ಬಾವಿ ಅದನಾ ಅದು?"

ವಹಿಯಲ್ಲಿ: ಎಂಬತ್ತೊಂದು, ಬಿಳಿ. ಎಂಬತ್ತೆಂಟು, ಬಿಳಿ. ತೊಂಬತ್ತೈದು, ಬಿಳಿ. ನೋಡಿ ನೋಡಿ ನನಗೆ ಬಿಳಿಯೇ ಗೊತ್ತಾಗದಾಯಿತು. ಬಸ್ಸಿನಲ್ಲಿ ಎದುರಿಗೆ ಕೂತವರ ಕಣ್ಣು, ಸಂತೆಯಲ್ಲಿ ಕಾಯಿಪಲ್ಲೆ ತೂಗುವವಳ ಕಣ್ಣು, ಅತ್ತೆಯ ಕೂಸಿನ ಕಣ್ಣು, ಎಲ್ಲದರಲ್ಲೂ ಅಂಚಿನಲ್ಲಿ ಏನೋ ಹಳದಿ ಇದ್ದೇ ಇದೆ ಅನ್ನಿಸುತ್ತಿತ್ತು. ಹೋಲಿಸಲೆಂದು ಒಂದು ಬಿಳಿ ಗುಂಡಿಯನ್ನು ಚೀಲದಲ್ಲಿ ಇಟ್ಟುಕೊಂಡು ತಿರುಗಿದೆ.

ದೇವದುರ್ಗಕ್ಕೆ ತಿಂಗಳಿಗೊಮ್ಮೆ. ಗಡಿಯಾರದವರ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ಅವರಿಗೂ ಕಾರಣ ಹೇಳಿರಲಿಲ್ಲ. ಡಾಕ್ಟರರು ವಿಚಾರಿಸಿಕೊಂಡು ಬಾ ಎಂದಿದ್ದಾರೆ ಎನ್ನುತ್ತಿದ್ದೆ. ಭೂತಗಾಜನ್ನು ಹಣೆಗೇರಿಸಿ ಅವರು ಕಣ್ಣು ಅಗಲಿಸಿ ಕೂಡುತ್ತಿದ್ದರು. "ನೋಡ್ರಿ ಬೆಹೆನ್, ನೋಡ್ರಿ. ಕಣ್ಣಾಗ ಮುಳ್ಳು ಸರಿಯಾಗಿ ತಿರುಗಾಕತ್ತಾವಾ ಇಲ್ಲಾ? ಕೀಲಿ ಕೊಡಬೇಕಂದ್ರ ಹೇಳ್ರಿ." ಅವರ ಹೆಂಡತಿ ಒಳಗಿನಿಂದ ಚಹಾ ಕಳಿಸುತ್ತಿದ್ದರು. ಬಿಳಿ ಎಂದು ಬರೆದುಕೊಂಡು ನಗುತ್ತ ಏಳುತ್ತಿದ್ದೆ.

ನೂರಾ ಎರಡನೆಯ ದಿನ ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ನನ್ನ ಕಣ್ಣಾಗ ಏನು ಹುಡುಕಲಿಕತ್ತಿ, ಹೇಳು. ನನಗ ಮಂಜು ಕಾಣತದ, ಮಂದಿ ಮನಸು ಕಾಣಂಗಿಲ್ಲಂತ ತಿಳೀಬ್ಯಾಡ."

ಹೇಳಿದೆ. ಸೂಜಿ, ಸ್ಪಿರಿಟ್ಟು, ಮುದುಕರು, ಅಜ್ಜಿ, ಹಸಿರು ದಾರ. ಮುಗಿದ ಮೇಲೆ ಅಪ್ಪ ಕೇಳಿದರು.

"ಚಲೋ ಸೂಜಿ ಅಂತ ನನಗ ಅದನ್ನ ಹಾಕಿದಿ, ಹೌದಲ್ಲ?"

"ಹೌದು."

"ಹಂಗಾದ್ರ ಚಲೋದು ಎಲ್ಲಾರಿಗೂ ಬೇಕಾಗಿತ್ತು, ಅಷ್ಟ." ತಮ್ಮ ಅಂಗೈ ಬಿಡಿಸಿ, "ಇದು ನನ್ನ ಕೈಯಿಂದ ತೀರ್ಥದಾಗ ಹೋಗತದೇನು?"

ರಕ್ತದಿಂದ ಹರಡುತ್ತದೆ, ಕೈಯಿಂದ ಅಲ್ಲ ಎಂದು ಡಾಕ್ಟರರು ಹೇಳಿದ್ದನ್ನು ಹೇಳಿದೆ. ಅಪ್ಪ ಒಪ್ಪಿದ ಹಾಗೆ ತಲೆಯಾಡಿಸಿದರು. ಮುಂದಿನ ಭಾನುವಾರ ಹೋದಾಗ ಗೊತ್ತಾಯಿತು: ಕ್ಷೌರದವನ ಕತ್ತಿ ಮುಟ್ಟಿಸಿಕೊಳ್ಳುವುದನ್ನು ಬಿಟ್ಟು, ತಮ್ಮದೇ ಒಂದು ತರಿಸಿಕೊಂಡಿದ್ದರು. ಸರಿಯಾಗಿ ಕಾಣದ ಕಣ್ಣಿನಲ್ಲಿ ತಾವೇ ಮಾಡಿಕೊಂಡು ಕೆನ್ನೆಯ ಮೇಲೆ ಎರಡು ಕಡೆ ಕೊಯ್ದುಕೊಂಡಿದ್ದರು. ರಕ್ತ ಒರೆಸಿದ ಬಟ್ಟೆಯನ್ನು ಹಿತ್ತಲಲ್ಲಿ ತಾವೇ ಸುಟ್ಟಿದ್ದರು. ಗುಡಿಯಲ್ಲಿ ತೀರ್ಥ ಕೊಡುವ ಕೆಲಸವನ್ನು ಕಣ್ಣು ಕಾಣದೆಂಬ ನೆವ ಹೇಳಿ ನಮ್ಮ ದೊಡ್ಡಪ್ಪನ ಮಗನಿಗೆ ವಹಿಸಿದ್ದರು. ಅಮ್ಮನಿಗೆ ಏನೂ ಹೇಳಿರಲಿಲ್ಲ. ಅವಳು ಮಾತ್ರ ಅವರ ಹಾಸಿಗೆ ಬೇರೆಯಾದದ್ದನ್ನು ಕಂಡು, ನನ್ನ ಮುಖ ನೋಡಿ, ಕೇಳದೆ ಉಳಿದಳು.

ನೂರಾ ಎಂಬತ್ತನೆಯ ದಿನ ಸೆಪ್ಟೆಂಬರಿನಲ್ಲಿ ಬಂತು. ಬಿಳಿ ಗುಂಡಿ ಪಕ್ಕಕ್ಕೆ ಹಿಡಿದು ನೋಡಿದೆ. ಬಿಳಿ. ದೇವದುರ್ಗದಲ್ಲೂ ಬಿಳಿ. ಎರಡೂ ಸಾಲಿನ ಕೆಳಗೆ ಅಡ್ಡಗೆರೆ ಎಳೆದೆ. ಆ ವಾರ ನಾನು ಚೆನ್ನಾಗಿ ಉಂಡೆ.

ಅಕ್ಟೋಬರಿನಲ್ಲಿ ಅಪ್ಪ ಕಣ್ಣಿನ ಚಿಕಿತ್ಸೆಗೆ ಹೈದರಾಬಾದಿಗೆ ಹೋದರು. ಹೊರಡುವ ಮುಂಚೆ ಡಾಕ್ಟರರು ಒಂದು ಚೀಟಿ ಬರೆದುಕೊಟ್ಟರು. ಆ ಕಾಮಾಲೆಯ ಗುರುತನ್ನು ರಕ್ತದಲ್ಲೇ ನೋಡುವ ಪರೀಕ್ಷೆ ಅಲ್ಲಿ ಬಂದಿದೆ, ಸಮಾಧಾನಕ್ಕೆ ಮಾಡಿಸಿಬಿಡಿ ಎಂದರು. ಎಡಗಣ್ಣಿನ ಸೋರಿಕೆ ಮುಚ್ಚಿದರು, ಅಪ್ಪ ಮರಳಿದರು. ಹನ್ನೆರಡು ದಿನದ ಮೇಲೆ ರಕ್ತದ ವರದಿ ದವಾಖಾನೆಯ ವಿಳಾಸಕ್ಕೆ ಟಪಾಲಿನಲ್ಲಿ ಬಂತು. ಲಕೋಟೆ ಒಡೆದವಳು ನಾನೇ. ಒಂದೇ ಸಾಲು ಇತ್ತು. ಗುರುತು ಇದೆ.

ಡಾಕ್ಟರರು ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಬಹಳ ಮಂದಿಗೆ ಅದು ಹಳದಿ ಮಾಡುವುದೇ ಇಲ್ಲ. ಜ್ವರವಿಲ್ಲ, ನೋವಿಲ್ಲ, ಒಳಗೆ ಹೋಗಿ ಕೂತುಬಿಡುತ್ತದೆ. ಕೆಲವರಲ್ಲಿ ಕಡೆಯ ತನಕ ಸುಮ್ಮನೆ ಇರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆಯ ಮೇಲೆ ಪಿತ್ತಜನಕಾಂಗ ತಿನ್ನುತ್ತದೆ. ಸುಮ್ಮನೆ ಇದ್ದಾಗಲೂ ಗಂಡನಿಂದ ಹೆಂಡತಿಗೆ, ಬಸುರಿಯಿಂದ ಕೂಸಿಗೆ ದಾಟಬಹುದು.

ನಾನು ಆರು ತಿಂಗಳು ತುಂಬುವ ತನಕ ಬಣ್ಣ ನೋಡುತ್ತ ಕೂತಿದ್ದೆ. ಅದು ಬಣ್ಣವಿಲ್ಲದೆ ಬಂದಿತ್ತು. ಎಂಬತ್ತೊಂದನೆಯ ದಿನವೂ ಇದ್ದಿರಬೇಕು, ತೊಂಬತ್ತೈದನೆಯ ದಿನವೂ. ನಾನು ರೆಪ್ಪೆ ಎಳೆದು ಬಿಳಿ ಎಂದು ಬರೆಯುವಾಗ ಅದು ಆ ಬಿಳಿಯ ಹಿಂದೆಯೇ ಇತ್ತು.

ಶುಕ್ರವಾರ ಮಾನ್ವಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಕೂತಿದ್ದರು, ಅಮ್ಮ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ವರದಿಯ ಅಕ್ಷರ ಅಪ್ಪನಿಗೆ ಕಾಣುವಂಥದ್ದಲ್ಲ. ಇಲ್ಲ ಎಂದು ಓದಿದ್ದರೂ ನಡೆಯುತ್ತಿತ್ತು. ಆ ಯೋಚನೆ ಬಸ್ಸಿನಲ್ಲಿ ಉದ್ದಕ್ಕೂ ನನ್ನ ಜೊತೆ ಕೂತು ಬಂದಿತ್ತು. ಗುರುತು ಅದ ಎಂದೇ ಓದಿದೆ. ಡಾಕ್ಟರರು ಹೇಳಿದ್ದನ್ನೂ ಹೇಳಿದೆ. ಅಮ್ಮನ ಕೈ ಮೊರದಲ್ಲಿ ನಿಂತಿತು.

ಅಪ್ಪ ಕೇಳಿದ ಮೊದಲ ಮಾತು ತಮ್ಮ ಬಗ್ಗೆ ಇರಲಿಲ್ಲ. "ನಿಮ್ಮವ್ವಂದೂ ರಕ್ತ ನೋಡಿಸಬೇಕಲ್ಲ?" ಎಂದರು. ಹೌದೆಂದೆ. ಎರಡನೆಯ ಮಾತು:

"ನನ್ನ ಹಿಂದ ಇದ್ದರಲ್ಲ, ಅಂಜಬ್ಯಾಡ್ರಿ ಅಂತ ಒದರಿದಾವ್ರು, ಅವರಿಗೆ ಏನು ಹೇಳೀದಿ?"

"ಆರಾಮ ಅದೀರಿ ಅಂತ."

"ಅವರಿಗೆ ಮಕ್ಕಳು?"

"ಇಬ್ಬರು. ಮೂರನೇದು ಹೆಂಡತಿ ಹೊಟ್ಟ್ಯಾಗ."

ಅಪ್ಪ ಗೋಡೆ ಹಿಡಿದು ಎದ್ದರು. "ದೇವದುರ್ಗಕ್ಕ ಬಸ್ಸು ಎಷ್ಟೊತ್ತಿಗದ?"

ನೀವೇಕೆ, ನಾನೇ ಹೋಗಿ ಹೇಳುತ್ತೇನೆ ಎಂದೆ. ಅವರು ಆಗಲೇ ಶಲ್ಯ ಹುಡುಕುತ್ತಿದ್ದರು. "ನೀ ಆರಾಮ ಅದೀರಿ ಅಂದಾಕಿ. ನಿನ್ನ ಮಾತು ಅವರು ಯಾಕ ನಂಬಬೇಕು? ನನ್ನ ನೋಡಿದ್ರ ನಂಬತಾರ."

ದೇವದುರ್ಗ ಎರಡು ತಾಸಿನ ದಾರಿ. ಅಪ್ಪನನ್ನು ಕೈ ಹಿಡಿದು ಇಳಿಸಿದೆ. ಅಂಗಡಿಯಲ್ಲಿ ಗಡಿಯಾರದವರು ಭೂತಗಾಜಿನಲ್ಲಿ ತಲೆ ತಗ್ಗಿಸಿದ್ದರು. ನಮ್ಮನ್ನು ಕಂಡು ಎದ್ದು ನಿಂತು, "ಅರೆ, ಯಜಮಾನರು! ಬರ್ರಿ ಬರ್ರಿ," ಎಂದು ತಮ್ಮ ಸ್ಟೂಲನ್ನೇ ಒರೆಸಿ ಮುಂದಿಟ್ಟರು. ಒಳಕ್ಕೆ ತಿರುಗಿ ಹೆಂಡತಿಗೆ ದಖ್ಖನಿ ಉರ್ದುವಿನಲ್ಲಿ ಚಹಾ ಹೇಳಿದರು. ಎಂದಿನಂತೆ ನನ್ನತ್ತ ಕಣ್ಣು ಅಗಲಿಸಿ ತೋರಿಸಿದರು.

ಅಪ್ಪ ಕೂಡಲಿಲ್ಲ. ಗೋಡೆಯ ಮೇಲೆ ಇಪ್ಪತ್ತು ಮೂವತ್ತು ಗಡಿಯಾರ ಬೇರೆಬೇರೆ ಹೊತ್ತು ತೋರಿಸುತ್ತ ಬಡಿದುಕೊಳ್ಳುತ್ತಿದ್ದವು. ದನಿ ಬಂದ ಕಡೆಗೆ ಕೈ ಚಾಚಿ, ಅವರ ತೋಳು ಸಿಕ್ಕ ಮೇಲೆ ಹಿಡಿದುಕೊಂಡು, ಅಪ್ಪ ಹೇಳಿದರು:

"ಚಹಾ ಆಮ್ಯಾಲ ತರಲಿ. ನಿಮ್ಮ ಮನಿಯವರನ್ನೂ ಇಲ್ಲಿ ಕರೀರಿ. ಅವರೂ ಕೇಳಬೇಕಾದ ಮಾತದ."